ಹಂಸನ ಗ್ಯಾರೇಜು

ಎಡಗಾಲು ಮೂರನೇ ವರ್ಷಕ್ಕೇ ಕೈಕೊಟ್ಟದ್ದು.
ಕ್ಲಚ್ಚಿಲ್ಲದ ಈ ಕಾರು ಸಿಕ್ಕಿದ್ದು ನಲವತ್ತೊಂದಕ್ಕೆ.
ನಡುವೆ ಇದ್ದದ್ದು
ಯಾರದೋ ಜೀಪಿನ ಹಿಂದಿನ ಸೀಟು.

ಹೋದ ಬುಧವಾರ ಕೆದಕಲ್ ದಾಟಿ
ಬೋಯಿಕೇರಿಯ ಏರಿನಲ್ಲಿ
ಎಂಜಿನ್ನು ಕೂಗಿತು, ಕಾರು ಕೇಳಲಿಲ್ಲ.
ಎರಡರಿಂದ ಮೂರಕ್ಕೆ ಹೋಗುವಾಗ
ಒಂದು ಉಸಿರು ತಪ್ಪಿ, ಒಂದು ನಡುಕ,
ಹೇಳಬಂದದ್ದು ಬಾಯಲ್ಲೇ ಮರೆತವರ ಹಾಗೆ.
ಹಿಂದೆ ಬಸ್ಸಿನ ಹಾರನ್ನು.

ಮೈಸೂರಿನ ಶೋರೂಮಿನವರು ಫೋನಿನಲ್ಲೇ ರೋಗ ಹೇಳಿದರು:
ಗೇರ್‌ಬಾಕ್ಸು ಪೂರಾ ಬದಲು, ಒಂದು ಲಕ್ಷದ ಎಂಬತ್ತು ಸಾವಿರ.
ಇಲ್ಲವೇ ಮಾರಿಬಿಡಿ ಮೇಡಂ, ಮ್ಯಾನ್ಯುವಲ್ ತಗೊಳ್ಳಿ.
ನಾನು ಕಾಲಿನ ಸುದ್ದಿ ಎತ್ತಲಿಲ್ಲ.

ಸುಂಟಿಕೊಪ್ಪದ ಹಂಸ
ಬಾನೆಟ್ಟು ತೆರೆಯಲಿಲ್ಲ, ಮೊದಲು ಕೇಳಿದ:
ತಣ್ಣಗಿದ್ದಾಗಲೋ, ಕಾದ ಮೇಲೋ?
ರಿವರ್ಸು ತಡವಾಗಿ ಹಿಡಿಯುತ್ತದಾ?
ರೇಡಿಯೇಟರಿಗೆ ಈಚೆಗೆ ಎಷ್ಟು ಸಲ ನೀರು ಕುಡಿಸಿದಿರಿ?
(ಇದಕ್ಕೆ ಬೆರಳು ಎಣಿಸಬೇಕಾಯಿತು.)
ಬ್ರೇಕು ಒತ್ತಿಸಿ, ಪಿ, ಆರ್, ಎನ್, ಡಿ,
ಒಂದೊಂದೇ ಅಕ್ಷರ ನನ್ನ ಕೈಯಲ್ಲಿ ತಿದ್ದಿಸಿದ.
ಎಂಜಿನ್ನು ಓಡುತ್ತಿದ್ದಂತೆಯೇ ಕಡ್ಡಿ ಎಳೆದು
ಹಳೇ ಬನಿಯನ್ನಿಗೆ ಒರೆಸಿ, ಮತ್ತೆ ಅದ್ದಿ ಎತ್ತಿದ.

ಕೆಂಪಗಿರಬೇಕಿತ್ತು.
ಗುಲಾಬಿ ಹಾಲು.
ಎರಡು ಬೆರಳಲ್ಲಿ ಉಜ್ಜಿ, ಮೂಸಿ,
‘ಸುಟ್ಟಿಲ್ಲ’ ಅಂದ. ‘ಕುಡಿದಿದೆ.’

ರೇಡಿಯೇಟರಿನ ಹೊಟ್ಟೆಯಲ್ಲಿ ಎಣ್ಣೆ ತಣಿಯುವ ಕೊಳವೆ,
ಸುತ್ತ ನೀರು,
ನಡುವಿನ ಗೋಡೆಗೆ ಸೂಜಿಮೊನೆಯಷ್ಟು ತೂತು.
ಎಣ್ಣೆಗೂ ನೀರಿಗೂ ಬೆರಕೆಯಿಲ್ಲ ಎಂದು ಕಲಿಸಿದ ಮೇಷ್ಟ್ರು
ಗೇರ್‌ಬಾಕ್ಸಿನೊಳಗೆ ಇಣುಕಿರಲಿಲ್ಲ.

ಒಂಬತ್ತು ದಿನ.
ರೇಡಿಯೇಟರು ಹೊಸದು.
ನೆನೆದ ಪ್ಲೇಟುಗಳ ಮೈಮೇಲಿನ ಕಾಗದ
ಕಳೆದ ಚುನಾವಣೆಯ ಪೋಸ್ಟರಿನಂತೆ ಸುಲಿದು ಬಂದಿತ್ತು,
ಅವೂ ಹೊಸವು.
ಎಣ್ಣೆ ತುಂಬಿ, ಓಡಿಸಿ, ಬಸಿದು,
ತುಂಬಿ, ಓಡಿಸಿ, ಬಸಿದು,
ನಾಲ್ಕನೇ ಸಲ ಬಿಳೀ ಪಿಂಗಾಣಿಯಲ್ಲಿ ತಂದು ತೋರಿಸಿದ.
ಕುಂಕುಮ ಕದಡಿದಂತೆ ತಿಳಿಗೆಂಪು.

‘ಹಾಲು ಬೇರೆ, ನೀರು ಬೇರೆ ಮಾಡಿದೆಯಲ್ಲ,
ಹೆಸರಿಗೆ ತಕ್ಕ ಹಕ್ಕಿ’ ಅಂದೆ.
‘ಹಕ್ಕಿಯಲ್ಲ ದೇಚಕ್ಕ, ನಮ್ಮಲ್ಲಿ ಹಂಸ ಅಂದರೆ ಸಿಂಹ’
ಎನ್ನುತ್ತ ಮೂಗಿಗೆ ಹತ್ತಿದ ಎಣ್ಣೆ ಒರೆಸಿಕೊಂಡಿತು ಸಿಂಹ.
ಬಿಲ್ಲು ಐವತ್ತೆಂಟು ಸಾವಿರ. ಅರ್ಧ ಈಗ,
ಉಳಿದದ್ದು ಮೂರು ತಿಂಗಳಿಗೊಂದು ಕಂತು,
ನಾನು ಮನೆಮನೆಗೆ ಮಾರುವ ಪಾಲಿಸಿಯ ಹಾಗೆಯೇ.

ಮಡಿಕೇರಿಯಲ್ಲಿ ಒಬ್ಬರ ಸಹಿ ಬಾಕಿಯಿತ್ತು.
ಬೋಯಿಕೇರಿಯಲ್ಲಿ ಎರಡು ಮೂರಾಗುವ ಗಳಿಗೆಯನ್ನು
ಕಿವಿಗೊಟ್ಟು ಹಿಡಿಯಬೇಕು ಅಂದುಕೊಂಡು ಹೊರಟವಳು
ಏನೋ ಯೋಚಿಸುತ್ತ
ಏರು ಮುಗಿದ ಮೇಲೆ ನೆನಪಿಸಿಕೊಂಡೆ.