ದಿನಬಳಕೆಗೆ

ಅರವತ್ತೊಂಬತ್ತರ ಓಲ್ಡ್ಸ್‌ಮೊಬೀಲ್. ಹುಟ್ಟಿದ್ದು ಇಲ್ಲೇ
ಲಾನ್ಸಿಂಗಿನಲ್ಲಿ, ನಮ್ಮನೆಯಿಂದ ಮೂರೇ ಮೈಲಿ.
ಹೆತ್ತ ಕಾರ್ಖಾನೆ ಈಗ ಬಿರುಕಿನಲ್ಲಿ ಹುಲ್ಲೆದ್ದ ಕಾಂಕ್ರೀಟು,
ಕಂಪನಿಯ ಹೆಸರೂ ಅಳಿಸಿಹೋಗಿ ವರ್ಷಗಳಾದವು.
ಮಗಳು ಮಾತ್ರ ಅಪ್ಪನ ಗ್ಯಾರೇಜಿನಲ್ಲಿ
ನಾಲ್ಕು ದಿಮ್ಮಿಗಳ ಮೇಲೆ
ಕಾಲಿಲ್ಲದೆ ಕೂತಿದ್ದಳು, ಹತ್ತೊಂಬತ್ತು ಚಳಿಗಾಲ.

ಹೊದಿಕೆ ಎಳೆದಾಗ ಮೊದಲು ಓಡಿದ್ದು ಇಲಿ.
ಉಪ್ಪು ತಿಂದವರು ನೀರು ಕುಡಿಯಲೇಬೇಕು;
ಹಿಮದ ರಸ್ತೆಗೆ ಸುರಿದ ಉಪ್ಪನ್ನೆಲ್ಲ ತಿಂದವಳು
ಕುಡಿದಿದ್ದಳು, ನೆಲದ ತಗಡಿನುದ್ದಕ್ಕೂ.
ಎಲಾಡಿಯೊ ಸುತ್ತಿಗೆಯ ತುದಿಯಲ್ಲಿ ಕುಟ್ಟುತ್ತಾ ಹೋದ,
ಡಾಕ್ಟರು ಎದೆ ತಟ್ಟಿ ಆಲಿಸುವ ಹಾಗೆ:
"ಇಲ್ಲಿ ಉಕ್ಕು. ಇಲ್ಲೂ ಉಕ್ಕು. ಇಲ್ಲಿ ಬರೀ ಬಣ್ಣ."

ನಾನು ಡಯಾಲಿಸಿಸ್ ಕೇಂದ್ರದವಳು.
ಬೆಳಗಿನ ಐದೂವರೆಗೆ ಹನ್ನೆರಡು ಕುರ್ಚಿ, ಹನ್ನೆರಡು ಪಂಪು.
"ಇವತ್ತು ಕಾರು ಹತ್ತಲಿಲ್ಲ" ಅಂದರೆ
ಯಾರ ರಕ್ತವೂ ಒಪ್ಪುವುದಿಲ್ಲ.
ಹಾಗಾಗಿ ಬರೆದುಕೊಟ್ಟೆ:
ಡ್ರಮ್ ಬ್ರೇಕು ಹೋಗಲಿ, ನಾಲ್ಕಕ್ಕೂ ಡಿಸ್ಕ್ ಬರಲಿ.
ಕಾರ್ಬ್ಯುರೇಟರ್ ಬೇಡ,
ಅದರ ಜನವರಿಯ ಮುನಿಸನ್ನು ರಮಿಸಲು ಅಪ್ಪ ಇದ್ದ, ನನಗೆ ಪುರುಸೊತ್ತಿಲ್ಲ;
ಇಂಜೆಕ್ಷನ್ ಕೂರಿಸು.
ಹೆದ್ದಾರಿಯಲ್ಲಿ ಕಿರುಚದಿರಲು ಇನ್ನೊಂದು ಗೇರು.
ಹೀಟರ್. ಕೊನೆಗೆ ನೋಡಿದರೆ
ಹೀಟರ್ ಎಂದು ಎರಡು ಸಲ ಬರೆದಿದ್ದೆ.

"ಮೂಲದ ಎಂಜಿನ್ನು, ಮೂಲದ ನಂಬರು,
ಕೈ ಹಚ್ಚಿದರೆ ಪಾಪ ಸುತ್ತಿಕೊಳ್ಳುತ್ತದೆ" ಅಂದ ಗಾರ್ಲಂಡ್.
ಅವನ ಕಾರು ಹತ್ತು ವರ್ಷದಲ್ಲಿ ಓಡಿದ್ದು ನಲವತ್ತು ಮೈಲಿ.
ಟ್ರೇಲರ್ ಏರಿ ಬರುತ್ತದೆ,
ಮೂಗಿಗೆ ಬಟ್ಟೆ ಕಟ್ಟಿಕೊಂಡು.
ಬಾಯಿಗೆ ಬಂದದ್ದನ್ನು ನುಂಗಿಕೊಂಡೆ:
ನನಗೆ ಬೇಕಿದ್ದ ಹಿಂದೀಪದ ಗಾಜು ಅವನ ಹತ್ತಿರ ಇತ್ತು.

ಆಗಸ್ಟಿನಲ್ಲಿ ಬಲಬಾಗಿಲು ಬಿಚ್ಚಿದೆವು.
ಆ ಬಾಗಿಲು!
ಪ್ರತಿ ತಿರುವಿನಲ್ಲೂ ಒಳಗೆಲ್ಲೋ ಟಿಣ್ ಎನ್ನುತ್ತಿತ್ತು.
"ಆರ್ಡಿತ್, ಎಷ್ಟು ಸಲ ಹೇಳಲಿ, ಬಾಗಿಲು ಬಡಿಯಬೇಡ,"
ಅಪ್ಪ ಹಲ್ಲು ಕಚ್ಚಿ ಹೇಳುತ್ತಿದ್ದ.
ಅಮ್ಮ ಬಡಿಯುತ್ತಿದ್ದಳು, ಇನ್ನೂ ಜೋರಾಗಿ.
ಹಿಂದಿನ ಸೀಟಿನಲ್ಲಿ ನಾನು
ಕಿಟಕಿಗೆ ಮೂಗೊತ್ತಿ, ಕಂಬ ಎಣಿಸುತ್ತಾ.
ಈಗ ಗ್ರೀಸಿನ ಕೆಸರೊಳಗೆ ಬೆರಳಿಟ್ಟರೆ
ಒಂದು ನಟ್ಟು.
ಬಿದ್ದದ್ದಲ್ಲ. ತಂತಿಯಲ್ಲಿ ಕಟ್ಟಿ
ಬೇಕೆಂದೇ ತೂಗುಹಾಕಿದ್ದು;
ಯಾವುದೋ ಪಾಳಿಯಲ್ಲಿ, ಮೇಸ್ತ್ರಿಯ ಮೇಲೆ ಸಿಟ್ಟಾಗಿಯೋ
ಸುಮ್ಮನೆ ಬೇಸರವಾಗಿಯೋ
ಯಾರೋ ಒಬ್ಬ ಮಾಡಿದ ತಮಾಷೆ.
ಎಲಾಡಿಯೊ ಕೆಮ್ಮು ಬರುವಷ್ಟು ನಕ್ಕ.
ನನಗೆ ನಗು ಬಂದದ್ದು ಎರಡು ದಿನದ ಮೇಲೆ,
ಅಂಗಡಿಯ ಸಾಲಿನಲ್ಲಿ ಬ್ರೆಡ್ಡು ಹಿಡಿದು ನಿಂತಾಗ;
ಮುಂದಿದ್ದವಳು ತಿರುಗಿ ನೋಡಿ
ಮಗುವನ್ನು ಹತ್ತಿರಕ್ಕೆಳೆದುಕೊಂಡಳು.

ಅಮ್ಮನಿಗೆ ಎಪ್ಪತ್ತೊಂಬತ್ತು.
ಕೂರಿಸಿ, ಹೊಸ ಬೆಲ್ಟು ಬಿಗಿದು, ಊರು ಸುತ್ತಿಸಿದೆ.
ಮೂರನೆಯ ತಿರುವು ದಾಟಿದ ಮೇಲೆ
"ಎಲ್ಲಿ ಅದು?" ಅಂದಳು.
ನಟ್ಟನ್ನು ತೆಗೆದು ಅಂಗೈಗೆ ಹಾಕಿದೆ.
ತಂತಿಯ ಗಂಟನ್ನು ಉಗುರಿನಲ್ಲಿ ಮುಟ್ಟಿ ನೋಡಿದಳು,
ನದಿ ಬಂತು, ಸೇತುವೆ ಬಂತು, ಹೋಯಿತು.
"ಅವನಿಗೆ ತೋರಿಸಬೇಕಿತ್ತು."
ಅಷ್ಟೇ.
ಇಳಿಯುವಾಗ ಬಾಗಿಲು ಬಡಿದಳು.

ನಟ್ಟು ಈಗ ಬೂದಿಬಟ್ಟಲಿನಲ್ಲಿದೆ,
ಲಾಂಡ್ರಿಯ ಚಿಲ್ಲರೆಯ ಜತೆ. ಅಲ್ಲೂ ಸದ್ದು ಮಾಡುತ್ತದೆ.

ನಿನ್ನೆ ಸಂಜೆ ಕೆಂಪು ದೀಪದಲ್ಲಿ
ಪಕ್ಕಕ್ಕೆ ಬಂದು ನಿಂತ ಹುಡುಗನೊಬ್ಬ
ಎಂಜಿನ್ ಗುರುಗುಟ್ಟಿಸಿ ಹುಬ್ಬು ಹಾರಿಸಿದ.
ನನ್ನ ಪಾದದಡಿ ನಾನೂರು ಘನ ಇಂಚು,
ಅಪ್ಪ ಕೊರೆಸಿ, ನಾನು ಮತ್ತೆ ಕೊರೆಸಿದ್ದು.
ಪಕ್ಕದ ಸೀಟಿನಲ್ಲಿ
ಬೆಲ್ಟು ಹಾಕಿಸಿಕೊಂಡು ಕೂತ ಎರಡು ಡಜನ್ ಮೊಟ್ಟೆ.
ಹಸಿರಾಯಿತು.
ಹೋಗಪ್ಪಾ, ಅಂದೆ.