ವೇಮ

ವೇತೆಯ ಶಾಲೆಯಲ್ಲಿ ಮಕಾಮೆ ಮೇಷ್ಟರು
ಕರಿಹಲಗೆಯ ಮೇಲೆ ಬರೀ ಬಾಲ ಬರೆದರು: ಏಮ.
'ಇದಕ್ಕೆ ಸ್ವಂತ ತಲೆಯಿಲ್ಲ ಮಕ್ಕಳೇ,
ಪಕ್ಕದಲ್ಲಿ ಯಾರು ನಿಂತರೋ
ಅವರ ಟೋಪಿ ಇಟ್ಟುಕೊಳ್ಳುತ್ತದೆ.
ದಿನ ಒಳ್ಳೆಯದಾದರೆ ನ್ಜೇಮ,
ಮಾತು ಒಳ್ಳೆಯದಾದರೆ ಜೇಮ,
ಮನುಷ್ಯ ಒಬ್ಬನೇ ಆದರೆ ಮ್ವೇಮ,
ಹಲವರಾದರೆ ವೇಮ.
ಚೆಲುವಿಗೆ ಬೇರೆ ಮಾತಿದೆ, ಮಾವಿಗೆ, ಬಟ್ಟೆಗೆ;
ಅದನ್ನಿಲ್ಲಿ ಬೆರೆಸಬೇಡಿ.'

ಹಿಂದಿನ ಬೆಂಚಿನಿಂದ ಮಿಜೆ ಎದ್ದಳು,
ಅಮ್ಮನ ಆಕ್ಟೋಪಸ್ ಬುಟ್ಟಿಯ ವಾಸನೆ
ಇನ್ನೂ ಬೆರಳಲ್ಲಿ.
'ಒಳ್ಳೆಯವರಿಗೂ ವೇಮ, ಒಳಿತಿಗೂ ವೇಮ.
ಯಾವುದು ಯಾವುದು, ಮ್ವಾಲಿಮು?'
ಮೇಷ್ಟರ ಕೈಯಲ್ಲಿ ಸೀಮೆಸುಣ್ಣ ಮುರಿಯಿತು.
ಗಂಟೆ ಹೊಡೆಯಿತು, ಬಚಾವಾದರು.

ಸಂಜೆ, ನೀರು ಇಳಿಯುವ ಹೊತ್ತು,
ತಕ್ಕಡಿಯ ಫಕಿಯ ದೋಣಿ ಮರಳಿಗೆ ಕಚ್ಚಿಕೊಂಡಿತು.
ಬೆಳಿಗ್ಗೆ ತೂಕದಲ್ಲಿ
ಅಮ್ಮನ ಅರ್ಧ ಕಿಲೊ ನುಂಗಿದವನು ಅವನೇ.
ಅಮ್ಮ ಬುಟ್ಟಿ ಇಳಿಸಿದಳು,
ಕಂಗಾ ಸೊಂಟಕ್ಕೆ ಬಿಗಿದಳು,
ಅವನ ವಂಶವನ್ನೆಲ್ಲ ಬೈಯುತ್ತ ಹಗ್ಗ ಹಿಡಿದಳು.
ಬಲೆ ಹೆಣೆಯುತ್ತಿದ್ದವರು ಇಬ್ಬರು ಬಂದರು,
ಐಸ್ ಗಾಡಿಯ ಹುಡುಗ ಬಂದ,
ಲವಂಗ ಹರವಿದ ಚಾಪೆ ಬಿಟ್ಟು ಮುದುಕ ಕೊಂಬೊ.

ಮಿಜೆ ಎಣಿಸಿದಳು: ಫಕಿಯದೂ ಸೇರಿ
ಹಗ್ಗದ ಮೇಲೆ ಹನ್ನೊಂದು ಕೈ.
ಕೊಂಬೊನ ಇನ್ನೊಂದು ಕೈ ಕೋಲಿನ ಮೇಲಿತ್ತು.

ದೋಣಿ ತೇಲಿತು. ಫಕಿ ತಿರುಗಿಯೂ ನೋಡಲಿಲ್ಲ.

'ಅವನು ಮ್ವೇಮನೇನಮ್ಮ?'
'ಅವನಾ? ಥೂ.'
'ನೀನು?'
ಅಮ್ಮ ಅಂಗೈಯ ಕೆಂಪು ಗೀರಿಗೆ ಉಪ್ಪುನೀರು ಚಿಮುಕಿಸಿದಳು.
'ವೇಮ ಕೊಳೆಯೋದಿಲ್ಲ ಅಂತಿದ್ದಳು ನಿನ್ನಜ್ಜಿ.
ಆಕ್ಟೋಪಸ್ ಕೊಳೆಯುತ್ತೆ.
ಎತ್ತು ಬುಟ್ಟಿ.'