ತಲೆಕೆಳಗಿನ ಹೂವು

ಬೀಜ ಸಿಕ್ಕಿದ್ದು ಮುಸೋಡಿಯ ಕಲ್ಲುಗೋಡೆಯ ಸಂದಿಯಲ್ಲಿ,
ಹರಿದ ಬಲೆಯ ತುಂಡು, ಒಂಟಿ ಚಪ್ಪಲಿಯ ಜೊತೆ.
ಕಂದು ಮೈ, ಮೇಲೆ ಮಸಿಯ ಗೆರೆ.
ಯಾವ ಊರಿನ ಬಳ್ಳಿಯಿಂದ ಕಳಚಿ
ಎಷ್ಟು ದಿನ ಉಪ್ಪು ಕುಡಿಯಿತೋ.

ಮೂರು ದಿನ ನೀರಲ್ಲಿಟ್ಟೆ. ಅಲುಗಲಿಲ್ಲ.
ನಾನು ದರ್ಜಿ; ಗಟ್ಟಿ ಬಟ್ಟೆಗೆ ಬುದ್ಧಿ ಹೇಳಿ ಗೊತ್ತು.
ಕತ್ತರಿ ಮಸೆಯುವ ಕಲ್ಲಿಗೆ ಅದರ ಬೆನ್ನು ತಿಕ್ಕಿದೆ,
ಬಿಳಿ ಕಾಣುವಷ್ಟು, ಅಷ್ಟೇ.
ಮರುದಿನ ಹೊಲಿಗೆ ಬಿಚ್ಚಿದ ಹಾಗೆ ಬಿರಿದಿತ್ತು.

"ಎಂತದು ಐತಣ್ಣ, ತಿನ್ನಲಿಕ್ಕೆ ಆಗ್ತದಾ?"
ಬೇಲಿಯಾಚೆಯಿಂದ ಅವ್ವಮ್ಮ.
ಕಡಲವರೆ, ಬೇಯಿಸಿದರೂ ಹೊಟ್ಟೆ ತೊಳಸುತ್ತದೆ ಎಂದೆ.
"ಮತ್ತೆ ನೀರು ಹಾಕುವುದು ಎಂತಕ್ಕೆ?"
ಉತ್ತರ ಇರಲಿಲ್ಲ. ನೀರು ಹಾಕಿದೆ.

ಎರಡು ಮಳೆಗಾಲ ದಾಟಿ ಬಳ್ಳಿ
ಹೊಯಿಗೆಯ ಮೇಲೆ ಮೊಳ ಮೊಳ ಅಳೆಯುತ್ತ ಹೋಯಿತು,
ಟೇಪಿಲ್ಲದೆ. ಗಂಟುಗಂಟಿಗೆ ಬೇರು.
ಕೆಂಪುನೇರಳೆ ಹೂ ಬಿಟ್ಟಿತು, ಎಲ್ಲ ತಲೆಕೆಳಗೆ:
ಕಾಲರು ಅಡಿಗೆ, ಜೇಬು ಮೇಲಕ್ಕೆ,
ಕಲಿಯುವ ಹುಡುಗ ಹೊಲಿದ ಅಂಗಿಯ ಹಾಗೆ.
ಚಿಟ್ಟೆ ಬಂತು, ಕುಳಿತು, ಹೋಯಿತು.
ಸಣ್ಣ ಜೇನು ಬಂದು ಜೇಬಿನ ಬಾಯಿ ತಡಕಿ ಹೋಯಿತು.
ಹೂ ಉದುರಿತು. ಕಾಯಿ ಒಂದೂ ಇಲ್ಲ.

ಆ ವಾರವೇ ಅವ್ವಮ್ಮನ ಅಡುಗೆಮನೆಯಲ್ಲಿ ರಂಪ.
ಮಾಡಿನ ಪಕ್ಕಾಸಿಗೆ ಯಾರೋ ತೂತು ಕೊರೆದು
ಪತ್ತಿರಿನ ಹಿಟ್ಟಿಗೆ ಮರದ ಹುಡಿ ಸುರಿಸುತ್ತಾರೆ.
ಸೀಮೆಎಣ್ಣೆಯ ಬಟ್ಟೆ ಕೋಲಿಗೆ ಸುತ್ತಿ,
"ಐತಣ್ಣ, ನಿನಗೆ ಎತ್ತರ ಉಂಟು, ಬಾ."

ಸ್ಟೂಲು ಹತ್ತಿ ಕಿವಿಯಿಟ್ಟೆ.
ಒಳಗೆ ನನ್ನ ಹಳೆಯ ಮಿಶನ್ನಿನ ಸದ್ದು.
ಆಮೇಲೆ ಹೊರಬಂತು ದುಂಬಿ,
ಕರಿ, ಹೆಬ್ಬೆರಳ ತುದಿಯಷ್ಟು,
ರೆಕ್ಕೆಯಲ್ಲಿ ಎಣ್ಣೆ ನೀರಿಗೆ ಬಿದ್ದಾಗಿನ ಬಣ್ಣ,
ಕಿಟಕಿ ದಾಟಿ ನೇರ ನನ್ನ ಬಳ್ಳಿಗೆ.
ಕುಳಿತ ಭಾರಕ್ಕೆ ಹೂ ಬಾಯಿ ಬಿಟ್ಟಿತು,
ಮೇಲಿನಿಂದ ಬಾಗಿ ಬೆನ್ನಿಗೆ ಹುಡಿ ಸವರಿತು,
ನಾನು ಅಳತೆಗೆ ಸೀಮೆಸುಣ್ಣ ಎಳೆದ ಹಾಗೆ.

ಇಬ್ಬರೂ ಕಿಟಕಿಯಲ್ಲಿ ನಿಂತೆವು.
ಕೋಲಿನ ತುದಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.
"ಓ, ಕೆಲಸ ನಿನ್ನಲ್ಲಿ, ಬಿಡಾರ ನನ್ನಲ್ಲಿಯಾ"
ಎಂದಳು ಅವ್ವಮ್ಮ, ನನಗಲ್ಲ.

ಈಗ ಪಕ್ಕಾಸಿನಡಿ ಒಂದು ಪಿಂಗಾಣಿ ಬಸಿ ಉಂಟು, ಹುಡಿಗೆ.
ಬೈಗುಳ ನಿಂತಿಲ್ಲ; ದಿನಕ್ಕೆ ಎರಡು ಸಲ.
ಬಳ್ಳಿಯಲ್ಲಿ ಮೂರು ಕಾಯಿ, ತಿನ್ನಲಾಗದ್ದು.
ಒಣಗಿದ ಮೇಲೆ ಒಂದು ಬೀಜ ಆಕೆಗೆ ಬೇಕಂತೆ:
ಗೋಡೆ ಹತ್ತಿ ಕಡಲಿಗೆ ಎಸೆಯಲಿಕ್ಕೆ.